ಮನೆಯ ಸಾಕ್ಷಿ

ಮನೆಯಿಂದ,
ತಾರೀಖು ಹದಿನೇಳು, ಭಾನುವಾರ
ಮಧ್ಯಾಹ್ನ ಎರಡೂವರೆ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ಲ್ಯಾಬಿನಲ್ಲಿ ದಿನವಿಡೀ ನಿಂತು ನಿಂತು ಬೆನ್ನು ಹಿಡಿದುಕೊಳ್ಳುತ್ತದೆ ಎಂದು ಬರೆದಿದ್ದೆ, ಈಗ ಕಡಿಮೆಯಾಯಿತೇ? ಕೂರಲು ಒಂದು ಸ್ಟೂಲು ಕೇಳು, ಕೇಳಿದ ಮಾತ್ರಕ್ಕೆ ಯಾರೂ ನಿನ್ನನ್ನು ನುಂಗಿಬಿಡುವುದಿಲ್ಲ. ನಮ್ಮ ಪಟಪಟಿ ಮೊಮ್ಮಗಳ ಅಲ್ಲಾಡುತ್ತಿದ್ದ ಹಲ್ಲು ಇಷ್ಟು ಹೊತ್ತಿಗೆ ಬಿದ್ದಿರಬೇಕು. ಶಾಲೆಯಲ್ಲಿ ಅವಳ ಮಾತಿಗೆ ಟೀಚರು ಸುಸ್ತಾಗಿದ್ದಾರೆ ಎಂದು ಓದಿ ಒಬ್ಬನೇ ಕೂತು ನಕ್ಕೆ. ಅದು ನಿನ್ನ ಅಮ್ಮನ ಕಡೆಯ ಬಳುವಳಿ, ನನ್ನ ಮೇಲೆ ಹೊರಿಸಬೇಡ. ನನ್ನದು ಎಂದಿನಂತೆಯೇ. ಮೆಟ್ಟಿಲು ಕಂಡರೆ ಮಂಡಿ ಮುನಿಸಿಕೊಳ್ಳುತ್ತದೆ, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಅಡುಗೆ ನಾನೇ ಮಾಡುತ್ತೇನೆ. ನಾನು ಬೇಯಿಸಿದ್ದನ್ನು ನಿನ್ನ ಅಮ್ಮ ನೋಡಿದ್ದರೆ ಪಾತ್ರೆ ಸಮೇತ ಹೊರಗೆ ಎಸೆಯುತ್ತಿದ್ದಳು. ಮೂಗು ಮಾತ್ರ ಮುದಿಯಾಗಲು ಒಪ್ಪುತ್ತಿಲ್ಲ. ಒಪ್ಪಿದ್ದರೆ ಈ ಆರು ತಿಂಗಳು ನನಗೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಅಂಗಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ, ಒಮ್ಮೆ ಒಗೆಯಲೂ ಹಾಕಿಬಿಟ್ಟಿದ್ದೆ. "ಅಪ್ಪಾ, ನನಗೆ ಆ ಕೇಂದ್ರದ ಸರ್ಟಿಫಿಕೇಟೂ ಬೇಡ, ನಿಮ್ಮ ಅಳಿಯನ ಫೋನಿನ ಅಳುವೂ ಬೇಡ. ನಿಮ್ಮ ಮೂಗು ಏನು ಹೇಳತ್ತೆ ಅಷ್ಟು ಬರೀರಿ. ನೀವು ಬಾ ಅಂದ್ರೆ ಮಗೂನ ಕರ್ಕೊಂಡು ಬರ್ತೀನಿ, ಬೇಡ ಅಂದ್ರೆ ಇಲ್ಲೇ ಇರ್ತೀನಿ" ಎಂದು ನೀನು ಬರೆದ ಸಾಲುಗಳು ನೀರಿಗೆ ಕಲಸಿಹೋದವು, ಆದರೆ ನನಗೆ ಬಾಯಿಪಾಠವಾಗಿವೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ಗಂಡ ಮನೆಯಲ್ಲೇ ಸುಳಿದಾಡುತ್ತಿರುತ್ತಾನೆ. ಅದಕ್ಕೇ ಈ ಕಾಗದ. ಉದ್ದವಾಗುತ್ತದೆ, ಬೈದುಕೊಳ್ಳದೆ ಓದು.

ನಡೆದದ್ದು ನಿನಗೆ ಗೊತ್ತಿಲ್ಲದ್ದೇನಲ್ಲ, ಆದರೂ ಮೊದಲಿನಿಂದ ಬರೆದರೆ ನನ್ನ ತಲೆಯೂ ನೆಟ್ಟಗಾಗುತ್ತದೆ. ಹೋದ ವರ್ಷ ನಿನ್ನ ಗಂಡ ಯಾರದೋ ಮನೆಯ ಫ್ರಿಜ್ ರಿಪೇರಿ ಮುಗಿಸಿ, ಅಲ್ಲೇ ಅವರೊಂದಿಗೆ ಗ್ಲಾಸು ಹಿಡಿದು, ಮಟಮಟ ಮಧ್ಯಾಹ್ನ ವ್ಯಾನು ಓಡಿಸಿಕೊಂಡು ಬಂದು, ಶಾಲೆಯ ತಿರುವಿನಲ್ಲಿ ಆ ಟೈಲರಮ್ಮನ ಮಂಡಿ ಪುಡಿ ಮಾಡಿದ. ಕೋರ್ಟಿನಲ್ಲಿ ಜಡ್ಜು ಎರಡು ದಾರಿ ತೋರಿಸಿದರು. ಎಂಟು ತಿಂಗಳು ಜೈಲು, ಇಲ್ಲವೇ ಇಪ್ಪತ್ತನಾಲ್ಕು ಶನಿವಾರ ಕುಡಿತ ಬಿಡಿಸುವ ಕೇಂದ್ರದಲ್ಲಿ ಕ್ಲಾಸು. ಕ್ಲಾಸಿನ ಜೊತೆ ಎರಡು ಕಟ್ಟುಪಾಡು. ಒಂದು, ವ್ಯಾನಿನ ಸ್ಟೇರಿಂಗಿನ ಪಕ್ಕ ಕೊಳವೆಯಿರುವ ಒಂದು ಡಬ್ಬಿ. ಓಡಿಸುವವನು ಅದಕ್ಕೆ ಊದಬೇಕು. ಹಸಿರು ದೀಪ ಬಂದರಷ್ಟೇ ಎಂಜಿನ್ನು ಶುರುವಾಗುತ್ತದೆ. ಕೆಂಪು ಬಂದರೆ ವ್ಯಾನು ಅಲುಗುವುದಿಲ್ಲ, ಸುದ್ದಿ ಕೇಂದ್ರಕ್ಕೆ ಹೋಗುತ್ತದೆ. ಮೂರು ಕೆಂಪಾದರೆ ಕ್ಲಾಸು ಮುಗಿಯಿತು, ಜೈಲು ಶುರು. ಎರಡನೆಯದು, ಮನೆಯಲ್ಲೊಬ್ಬ ಸಾಕ್ಷಿ. ಅವನು ಪ್ರತಿ ಶನಿವಾರ ಜೊತೆಗೆ ಹೋಗಿ ಕೂರಬೇಕು, ಕೊನೆಗೆ ಒಂದು ಫಾರಂಗೆ ರುಜು ಹಾಕಬೇಕು. ನೀನು ಮಗುವನ್ನು ಕರೆದುಕೊಂಡು ಹೊರಟ ದಿನ ನಾನೇ ಎದೆ ತಟ್ಟಿಕೊಂಡು ಹೇಳಿದ್ದೆ: "ನೀನು ನೆಮ್ಮದಿಯಾಗಿ ಹೋಗಮ್ಮ, ಇವನನ್ನ ನಾನು ಕಾಯ್ತೀನಿ. ಬಸ್ ಡಿಪೋ ಗೇಟಲ್ಲಿ ಹದಿನಾಲ್ಕು ವರ್ಷ ಡ್ರೈವರುಗಳ ಬಾಯಿ ಮೂಸಿದೋನು ನಾನು, ಇವನ್ಯಾವ ಲೆಕ್ಕ." ಆ ಮಾತು ನೆನಪಾದಾಗಲೆಲ್ಲ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಆ ಕೇಂದ್ರವನ್ನು ನೀನು ನೋಡಿಲ್ಲ, ನೋಡದಿದ್ದದ್ದೇ ಒಳ್ಳೆಯದಾಯಿತು. ಟೈರ್ ಅಂಗಡಿಯ ಮೇಲಿನ ಮಾಳಿಗೆ. ಮೆಟ್ಟಿಲು ಹತ್ತುವಾಗ ಸುಟ್ಟ ರಬ್ಬರಿನ ವಾಸನೆ, ಬಾಗಿಲು ತೆರೆದರೆ ಫಿನಾಯಿಲ್ ವಾಸನೆ, ಒಳಗೆ ಕೂತರೆ ಮೂವತ್ತು ಜನ ಒಟ್ಟಿಗೆ ಪೆಪ್ಪರ್‌ಮಿಂಟ್ ಚೀಪುವ ವಾಸನೆ. ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗಳಿಗೆ ತಂತಿ ಕಟ್ಟಿದ್ದಾರೆ. ಗೋಡೆಯ ಮೇಲೆ ಸೂರ್ಯ ಹುಟ್ಟುವ ಚಿತ್ರ, ಅದರ ಕೆಳಗೆ ಯಾರೋ ಅಂಟಿಸಿದ ಚೂಯಿಂಗ್ ಗಮ್. ಕುಡಿಯುವ ನೀರಿಗೆ ಒಂದೇ ಲೋಟ. ಮೊದಲ ಶನಿವಾರವೇ ಆ ಲೋಟದ ಅಂಚನ್ನು ನೋಡಿದವನು ಆಮೇಲೆ ಮನೆಯಿಂದಲೇ ನೀರು ಒಯ್ಯತೊಡಗಿದೆ. ಕ್ಲಾಸು ನಡೆಸುವ ಮೇಡಂ ನಿನಗಿಂತ ಐದಾರು ವರ್ಷ ಚಿಕ್ಕವಳು. ಒಳ್ಳೆಯ ಹುಡುಗಿ, ಅದೇ ಬಂದಿರುವ ತೊಂದರೆ. ಹೇಳಿದ್ದನ್ನೆಲ್ಲ ನಂಬುತ್ತಾಳೆ. ಬಂದ ಕೂಡಲೇ ಎಲ್ಲರಿಗೂ ನಗುವ ಮುಖ, ಅಳುವ ಮುಖ, ಸಪ್ಪೆ ಮುಖಗಳ ಸ್ಟಿಕರು ಹಂಚಿ, "ಇವತ್ತು ನಿಮ್ಮ ಮನಸ್ಸು ಹೇಗಿದೆಯೋ ಆ ಮುಖ ಅಂಟಿಸಿ" ಎನ್ನುತ್ತಾಳೆ. ಐವತ್ತು ದಾಟಿದ ಗಂಡಸರು ನಾಲಿಗೆ ಕಚ್ಚಿಕೊಂಡು ಸ್ಟಿಕರು ಅಂಟಿಸುವುದನ್ನು ನಾನು ಇಪ್ಪತ್ತನಾಲ್ಕು ವಾರ ನೋಡಿದ್ದೇನೆ ಮಗಳೇ. ರಸ್ತೆಯಲ್ಲಿ ಒಬ್ಬೊಬ್ಬರ ಕೈಕಾಲು ಮುರಿದು ಬಂದವರು ಇವರು.

ಅವರ ಮಾತು ಕೇಳಬೇಕು ನೀನು. ಒಬ್ಬನಿಗಾದರೂ ತಪ್ಪು ತನ್ನದು ಎಂದು ಬಾಯಿ ಬಂದರೆ ಕೇಳು. ಒಬ್ಬನಿಗೆ ರಸ್ತೆ ಸರಿಯಿರಲಿಲ್ಲ, ಇನ್ನೊಬ್ಬನಿಗೆ ಹೆಂಡತಿ ಸರಿಯಿರಲಿಲ್ಲ, ಮತ್ತೊಬ್ಬನಿಗೆ ಎದುರಿನಿಂದ ಬಂದ ಸೈಕಲ್ಲಿನವನು ದೀಪ ಹಾಕಿರಲಿಲ್ಲ. ಒಬ್ಬ ಹಲ್ಲಿನ ಡಾಕ್ಟರು ಇದ್ದ, ಇಸ್ತ್ರಿ ಮಾಡಿದ ಅಂಗಿ, ಬೆಳ್ಳಗಿನ ಹಲ್ಲು. "ನಂದು ಕುಡಿಯೋ ಪ್ರಾಬ್ಲಂ ಅಲ್ಲ ಮೇಡಂ, ಪೊಲೀಸ್ ಪ್ರಾಬ್ಲಂ" ಎಂದು ಮೊದಲ ದಿನವೇ ಎಲ್ಲರನ್ನೂ ನಗಿಸಿದ. ತಿಂಗಳಿಗೊಮ್ಮೆ ಮೂತ್ರದ ಪರೀಕ್ಷೆ ಇರುತ್ತದೆ. ಈ ಮಹಾನುಭಾವ ತನ್ನ ಕ್ಲಿನಿಕ್ಕಿನ ಕೆಲಸದವಳ ಮೂತ್ರವನ್ನು ಶಾಂಪೂ ಬಾಟಲಿಯಲ್ಲಿ ತುಂಬಿಸಿಕೊಂಡು, ಬಿಸಿ ಆರದಿರಲೆಂದು ಕಂಕುಳಲ್ಲಿ ಅವುಚಿಕೊಂಡು ಬರುತ್ತಿದ್ದ. ಒಂದು ಶನಿವಾರ ಸಾಲಿನಲ್ಲಿ ನಿಂತಿದ್ದಾಗ ಮುಚ್ಚಳ ಸಡಿಲವಾಗಿ ಆ ಇಸ್ತ್ರಿ ಅಂಗಿಯ ಪಕ್ಕೆಯಿಂದ ಪ್ಯಾಂಟಿನವರೆಗೂ ಇಳಿಯಿತು. ಸಾಲಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು, ನಿನ್ನ ಗಂಡ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಾನು ಕೆಳಗಿಳಿದು ಹೋಗಿ ಚರಂಡಿಯ ಪಕ್ಕ ವಾಂತಿ ಮಾಡಿಕೊಂಡೆ. ಅಸಹ್ಯ ಎನ್ನುವ ಮಾತನ್ನು ನಾನು ಅಷ್ಟು ವರ್ಷ ಸುಮ್ಮಸುಮ್ಮನೆ ಬಳಸಿದ್ದೆ ಎಂದು ಅಂದು ತಿಳಿಯಿತು.

ನೆಟ್ಟಗೆ ನಡೆದುಕೊಂಡವನು ಒಬ್ಬನೇ ಒಬ್ಬ, ಲಾರಿ ಓಡಿಸುತ್ತಿದ್ದ ದಪ್ಪ ಮೀಸೆಯವನು. ಪ್ರತಿ ವಾರ ಮುಂದಿನ ಸಾಲಿನಲ್ಲೇ ಕೂರುತ್ತಿದ್ದ. ಹದಿನೈದನೆಯ ಶನಿವಾರ ಎದ್ದು ನಿಂತು, "ಮೇಡಂ, ನಿನ್ನೆ ಕುಡ್ದು ಗಾಡಿ ತೆಗ್ಯೋಕೆ ಹೋದೆ. ಕೆಂಪು ಬಂತು. ಮೂರನೇದು. ನೀವು ಕೇಳೋ ಮುಂಚೆ ನಾನೇ ಹೇಳ್ಬಿಡ್ತೀನಿ, ಬರ್ಕೊಳ್ಳಿ" ಎಂದ. ಮೇಡಂ ಅಳುತ್ತಲೇ ಬರೆದುಕೊಂಡಳು. ಮುಂದಿನ ವಾರ ಅವನ ಕುರ್ಚಿ ಖಾಲಿ. ಆಗ ನಾನು ಏನಂದುಕೊಂಡೆ ಗೊತ್ತೇ? ಪೆದ್ದ, ಇನ್ಯಾರಾದರೂ ಇವನಿಗಾಗಿ ಊದಿದ್ದರೆ ಮುಗಿಯುತ್ತಿತ್ತು ಎಂದುಕೊಂಡೆ.

ಇದು ನನಗೆ ಎಲ್ಲಿಂದ ಹೊಳೆಯಿತು ಎಂದು ನೀನು ಕೇಳಬಹುದು. ನಾನು ಯಾವತ್ತೂ ಮನೆಯಲ್ಲಿ ಹೇಳದ ವಿಷಯವೊಂದಿದೆ. ಡಿಪೋದಲ್ಲಿ ಬೆಳಗಿನ ಬಸ್ಸು ಬಿಡುವ ಮುಂಚೆ ಪ್ರತಿ ಡ್ರೈವರೂ ನನ್ನ ಮುಂದೆ ನಿಂತು ಮೆಷಿನ್ನಿಗೆ ಊದಬೇಕಿತ್ತಲ್ಲ, ಅಲ್ಲಿ ಒಂದು ಪದ್ಧತಿಯಿತ್ತು. ನಾವು ಅದನ್ನು ಬಾಯಿ ಸಾಲ ಎನ್ನುತ್ತಿದ್ದೆವು. ಹಿಂದಿನ ದಿನದ ವಾಸನೆ ಹೊತ್ತು ಬಂದ ಡ್ರೈವರಿಗೆ ಬಸ್ಸು ತೊಳೆಯುವವನೋ ಕಂಡಕ್ಟರೋ ತನ್ನ ಬಾಯಿ ಕೊಡುತ್ತಿದ್ದ. ಎಂದರೆ ಅವನ ಬದಲಿಗೆ ತಾನು ಊದುತ್ತಿದ್ದ. ನಾನು ಆ ಹೊತ್ತಿಗೆ ಸರಿಯಾಗಿ ಬೀಗದ ಕೈ ಹುಡುಕುತ್ತಲೋ, ಪೆನ್ನಿಗೆ ಇಂಕು ತುಂಬುತ್ತಲೋ ಆ ಕಡೆ ತಿರುಗಿರುತ್ತಿದ್ದೆ. ಹೊರಗೆ ಜನ ಕಾಯುತ್ತಿರುತ್ತಾರೆ, ಬಸ್ಸು ಹೋಗಲೇಬೇಕು, ಅವನಿಗೂ ಮನೆಮಠವಿದೆ, ಒಳ್ಳೆಯ ಡ್ರೈವರು, ಇವತ್ತೊಂದು ದಿನ. ಹೀಗೆಲ್ಲ ಅಂದುಕೊಂಡು ಹಸಿರು ಎಂದು ಬರೆದು ಗೇಟು ತೆಗೆಸುತ್ತಿದ್ದೆ. ಅವರೆಲ್ಲ ನನ್ನನ್ನು ದೇವರಂಥ ಮನುಷ್ಯ ಎನ್ನುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿ, ಹೆಗಲ ಮೇಲೆ ಹೊತ್ತು ಗೇಟಿನವರೆಗೂ ತಂದು ಬಿಟ್ಟರು, ನೀನೂ ನೋಡಿ ಚಪ್ಪಾಳೆ ತಟ್ಟಿದ್ದೆ. ಆ ಹದಿನಾಲ್ಕು ವರ್ಷದಲ್ಲಿ ಏನೂ ಆಗಲಿಲ್ಲ. ಏನೂ ಆಗದೇ ಇದ್ದದ್ದೇ ನನ್ನನ್ನು ಕೆಡಿಸಿತು ಎಂದು ಈಗ ಅನಿಸುತ್ತದೆ.

ನಿನ್ನ ಗಂಡನ ವಿಷಯಕ್ಕೆ ಬರುತ್ತೇನೆ. ಮೊದಲ ಆರು ವಾರದಲ್ಲೇ ಎರಡು ಕೆಂಪು ಮಾಡಿಕೊಂಡ. ಒಂದಕ್ಕೆ ಕೆಮ್ಮಿನ ಔಷಧಿ ಕಾರಣವಂತೆ, ಇನ್ನೊಂದಕ್ಕೆ ಬಾಯಿ ಮುಕ್ಕಳಿಸುವ ನೀರು ಕಾರಣವಂತೆ. ನನ್ನ ಕಿವಿಯ ಮೇಲೆ ಹೂವಿಡಲು ನೋಡಿದ. ಆಮೇಲೆ ಇನ್ನೊಂದಾದರೆ ಜೈಲು ಎಂಬ ಭಯಕ್ಕೆ ಬೆಕ್ಕಿನ ಹಾಗೆ ಮೆತ್ತಗಾದ. ಮೇಡಂ ಗೋಡೆಯ ಮೇಲೆ ಅವನ ಹೆಸರಿನ ಮುಂದೆ ಹಸಿರು ಚುಕ್ಕೆಗಳ ಸಾಲು ಬೆಳೆಸುತ್ತಾ ಹೋದಳು. ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ, ನನ್ನ ಮಾತ್ರೆ ನೆನಪಿಸುತ್ತಿದ್ದ, ಪಟಪಟಿಯ ಫೋಟೋ ಒರೆಸಿ ಒರೆಸಿ ಇಡುತ್ತಿದ್ದ. ಹುಡುಗ ಸಿಹಿಯಾಗಿದ್ದಾಗ ಎಷ್ಟು ಸಿಹಿ ಎಂದು ನಿನಗೆ ನಾನು ಹೇಳಿಕೊಡಬೇಕಾಗಿಲ್ಲ. ಅದನ್ನು ನೋಡಿಯೇ ನೀನು ಕಟ್ಟಿಕೊಂಡದ್ದು, ಅದನ್ನು ನೋಡಿಯೇ ನಾನು ಒಪ್ಪಿದ್ದು.

ಇಪ್ಪತ್ತೊಂದನೆಯ ಶನಿವಾರ ಬೆಳಗ್ಗೆ ನಾನು ಬಟ್ಟೆ ಹಾಕಿಕೊಂಡು ವ್ಯಾನಿನಲ್ಲಿ ಕೂತಿದ್ದೆ. ಅವನು ಬಂದು ಪಕ್ಕದಲ್ಲಿ ಕೂತ. ಬಾಗಿಲು ಹಾಕಿದ ತಕ್ಷಣ ಗೊತ್ತಾಯಿತು. ಹಸಿ ಈರುಳ್ಳಿ ಕಚ್ಚಿದ್ದ, ಅದರ ಮೇಲೆ ಹಲ್ಲುಜ್ಜಿದ್ದ, ಅದರ ಮೇಲೆ ಪೆಪ್ಪರ್‌ಮಿಂಟ್. ಅದೆಲ್ಲದರ ಅಡಿಯಲ್ಲಿ ಆ ಹುಳಿ ವಾಸನೆ, ಒದ್ದೆ ಬಟ್ಟೆಯನ್ನು ಡಬ್ಬದಲ್ಲಿ ಮುಚ್ಚಿಟ್ಟ ಹಾಗೆ. ಸಂಬಳ ಕೊಟ್ಟು ಕಲಿಸಿದ ವಾಸನೆ ಅದು, ನನಗೆ ತಪ್ಪುವುದಿಲ್ಲ. ಅವನು ಕೊಳವೆ ಕೈಗೆ ತೆಗೆದುಕೊಂಡ. "ಮಾವ, ಇನ್ನು ಮೂರೇ ವಾರ. ಇವತ್ತು ಕೆಂಪು ಬಂದ್ರೆ ಎಲ್ಲಾ ಹೋಯ್ತು. ಅವಳು ಬರಲ್ಲ, ಮಗು ಬರಲ್ಲ. ಇದೊಂದ್ಸಲ ಮಾವ" ಎಂದ. ನನ್ನ ಕಡೆ ತಿರುಗಿ ಕೂಡ ನೋಡಲಿಲ್ಲ, ಮುಂದಿನ ಗಾಜನ್ನೇ ನೋಡುತ್ತಾ ಕೊಳವೆಯನ್ನು ನನ್ನ ಕಡೆ ಚಾಚಿದ. ಬಯ್ಯಬಹುದಿತ್ತು, ಇಳಿಯಬಹುದಿತ್ತು, ಕಿತ್ತು ಎಸೆಯಬಹುದಿತ್ತು. ನಾನು ಬಗ್ಗಿ ಊದಿದೆ. ಅವನ ಎಂಜಲು ಹತ್ತಿದ್ದ ಕೊಳವೆ ಅದು. ಹಸಿರು ಬಂತು.

ಆಮೇಲಿನದು ಇನ್ನೂ ಹೇಸಿಗೆ. ನನಗೆ ಓಡಿಸಲು ಬರುವುದಿಲ್ಲವಲ್ಲ. ಜೀವನವೆಲ್ಲ ಬಸ್ಸುಗಳ ನಡುವೆ ಕಳೆದೂ ಸ್ಟೇರಿಂಗು ಮುಟ್ಟಿದವನಲ್ಲ. ಆದ್ದರಿಂದ ಅವನೇ ಓಡಿಸಿದ. ಮಾರುಕಟ್ಟೆ ದಾಟಿ, ಆಸ್ಪತ್ರೆ ದಾಟಿ, ಅದೇ ಶಾಲೆಯ ತಿರುವಿನಲ್ಲಿ, ಬೆಳಗಿನ ಒಂಬತ್ತೂವರೆಗೆ. ಮಕ್ಕಳು ರಸ್ತೆ ದಾಟುತ್ತಿದ್ದವು. ನಾನು ಎರಡು ಕೈಯಲ್ಲೂ ಸೀಟು ಹಿಡಿದು, ಬಾಯಿ ಬಿಟ್ಟರೆ ಅವನ ಗಮನ ತಪ್ಪೀತು ಎಂದು ಉಸಿರು ಕಟ್ಟಿ ಕೂತಿದ್ದೆ.

ಅಂದು ಕ್ಲಾಸಿಗೆ ಟೈಲರಮ್ಮ ಬಂದಿದ್ದಳು. ಪೆಟ್ಟು ತಿಂದವರನ್ನು ಕರೆಸಿ, ಪೆಟ್ಟು ಕೊಟ್ಟವರ ಮುಂದೆ ಮಾತಾಡಿಸುವುದು ಕ್ಲಾಸಿನ ಒಂದು ಪಾಠವಂತೆ. ಅವಳಿಗೆ ಆ ಮೆಟ್ಟಿಲು ಹತ್ತಲು ಕಾಲು ಗಂಟೆ ಹಿಡಿಯಿತು, ಕೆಳಗಿನ ಟೈರ್ ಅಂಗಡಿಯವನು ಅವಳ ಊರುಗೋಲು ಹಿಡಿದುಕೊಂಡು ಹಿಂದೆ ಬಂದ. ಮಂಡಿ ಮಡಚುವುದಿಲ್ಲ, ಕಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿ ಕೂತಳು. "ಮೆಷಿನ್ನಿಗೆ ಮೋಟರ್ ಹಾಕಿಸಿದೀನಿ, ತುಳಿಯೋದು ಬೇಕಾಗಿಲ್ಲ. ಆದ್ರೂ ಹೊಲಿಯೋಕೆ ಕೂತ್ರೆ ಒಳ್ಳೇ ಕಾಲು ಸುಮ್ನೆ ತುಳೀತಾನೇ ಇರತ್ತೆ. ನಿಲ್ಲಿಸು ಅಂದ್ರೂ ಕೇಳಲ್ಲ" ಎಂದಳು. ಆಮೇಲೆ, "ನೀವೆಲ್ಲ ಕೆಟ್ಟೋರಲ್ಲ ಅಂತ ಮೇಡಂ ಹೇಳ್ತಾರೆ. ಇರಬಹುದು. ಆದ್ರೆ ಆವತ್ತು ಇವರ ಜೊತೆ ಗ್ಲಾಸ್ ಹಿಡಿದು ಕೂತಿದ್ದೋರು, ಹೋಗಿ ಬನ್ನಿ ಅಂತ ಕೈ ಬೀಸಿ ಕಳಿಸಿದ್ರಲ್ಲ, ಅವರು ಯಾವ ಕ್ಲಾಸಿಗೆ ಹೋಗ್ತಾರೆ?" ಎಂದು ಕೇಳಿದಳು. ನಾನು ನನ್ನ ಚಪ್ಪಲಿ ನೋಡುತ್ತಾ ಕೂತೆ.

ಆಗ ನಿನ್ನ ಗಂಡ ಅಳಲು ಶುರು ಮಾಡಿದ. ಎಂಥ ಅಳು ಎನ್ನುತ್ತೀ! ಮೂಗು ಬಾಯಿ ಎಲ್ಲ ಸುರಿಸಿಕೊಂಡು, ಎದ್ದು ಹೋಗಿ ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, "ಅಮ್ಮಾ, ನಾನು ಮನುಷ್ಯನೇ ಅಲ್ಲ" ಎಂದು ಗೋಳಾಡಿದ. ಇಪ್ಪತ್ತು ವಾರ ಕಲ್ಲಿನಂತೆ ಕೂತವನು. ಕುಡಿದಾಗ ಅವನಿಗೆ ಅಳು ಬರುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆ ಕೋಣೆಯಲ್ಲಿ ಇನ್ಯಾರಿಗೂ ಗೊತ್ತಿರಲಿಲ್ಲ. ಹಲ್ಲಿನ ಡಾಕ್ಟರು ಕೂಡ ಕರ್ಚೀಫು ತೆಗೆದ. ಟೈಲರಮ್ಮ ಅವನ ತಲೆಯ ಮೇಲೆ ಕೈಯಿಟ್ಟು, "ಆಯ್ತು ಏಳಪ್ಪ, ಇನ್ನು ಮೇಲೆ ಮಾಡಬೇಡ" ಎಂದಳು. ಅಷ್ಟು ಹತ್ತಿರದಲ್ಲಿ ಅವಳಿಗೆ ವಾಸನೆ ಬರಲಿಲ್ಲವೇ, ಬಂದೂ ಕೈಯಿಟ್ಟಳೇ, ನನಗೆ ಇವತ್ತಿಗೂ ತಿಳಿಯದು. ಮೇಡಂ ಮಾತ್ರ ಕಣ್ಣೊರೆಸಿಕೊಂಡು ಅವನ ಪುಸ್ತಕದಲ್ಲಿ "ಇಂದು ನಿಜವಾದ ಬದಲಾವಣೆ" ಎಂದು ಬರೆದು ಕೆಳಗೆ ಗೆರೆ ಎಳೆದಳು. ಎದ್ದು ನಿಂತು ಇವನು ಕುಡಿದಿದ್ದಾನೆ ಎನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಹಾಗೆ ಹೇಳಿದರೆ ಮುಂದಿನ ಪ್ರಶ್ನೆ, ವ್ಯಾನು ಹೇಗೆ ಶುರುವಾಯಿತು ಎಂಬುದು. ಲಾರಿಯವನಿಗೆ ಇದ್ದ ಮರ್ಯಾದೆ ನನಗಿಲ್ಲ ಎಂದು ಅಂದು ಅಲ್ಲಿ ಕೂತೇ ಗೊತ್ತಾಯಿತು. ವಾಪಸು ಬರುವಾಗ ನಾನು ಬಸ್ಸು ಹಿಡಿದೆ, ಅವನು ಅಮಲು ಇಳಿಯುವವರೆಗೂ ವ್ಯಾನಿನಲ್ಲೇ ಮಲಗಿದ್ದು ಸಂಜೆ ಬಂದ. ಮನೆಗೆ ಬಂದು ಮೂರು ಸಲ ಬಾಯಿ ತೊಳೆದುಕೊಂಡೆ.

ಈಗ ಇಪ್ಪತ್ತನಾಲ್ಕೂ ಮುಗಿದಿವೆ. ನಿನ್ನೆ ಸರ್ಟಿಫಿಕೇಟು ಕೊಟ್ಟರು, ಮೊಹರು ಬಿದ್ದ ದಪ್ಪ ಕಾಗದ. ಅವನದು ಇಡೀ ತಂಡದಲ್ಲೇ ಒಳ್ಳೆಯ ದಾಖಲೆಯಂತೆ. ನಾಳೆ ಸೋಮವಾರ ನಾನು ಸಾಕ್ಷಿಯ ಫಾರಂ ಕೊಟ್ಟರೆ ಡಬ್ಬಿ ಬಿಚ್ಚುತ್ತಾರೆ. ಫಾರಂನಲ್ಲಿ ಒಂದೇ ಸಾಲು: ನನಗೆ ತಿಳಿದಂತೆ ಇವರು ಈ ಅವಧಿಯಲ್ಲಿ ಕುಡಿದು ವಾಹನ ಓಡಿಸಿಲ್ಲ. ಅದರ ಕೆಳಗೆ ರುಜು. ಹೋದ ವಾರವೇ ಕೊಟ್ಟ ಆ ಫಾರಂ ಮೇಜಿನ ಮೇಲಿದೆ, ಅದರ ಮೇಲೆ ಲೋಟವಿಟ್ಟು ಒಂದು ಉಂಗುರ ಮೂಡಿದೆ. ಅವನು ಅದನ್ನು ಕೇಳುವುದೂ ಇಲ್ಲ. ಹಾಕೇ ಹಾಕುತ್ತೇನೆ ಎಂದು ಅವನಿಗೆ ಗೊತ್ತು. ಆ ನಂಬಿಕೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಆದರೆ ನ್ಯಾಯವಾಗಿ ಯೋಚಿಸಿದರೆ, ಆರು ತಿಂಗಳಲ್ಲಿ ಆ ಎರಡು ಕೆಂಪು, ಅದೊಂದು ದಿನ ಬಿಟ್ಟರೆ ಅವನು ತಡೆದುಕೊಂಡಿದ್ದಾನೆ. ಎಡವದ ಮನುಷ್ಯ ಯಾರಿದ್ದಾರೆ? ಜೈಲಿಗೆ ಹೋದರೆ ಅವನ ಗಿರಾಕಿಗಳು ಹೋಗುತ್ತಾರೆ, ಹುಡುಗಿಯನ್ನು ಶಾಲೆಯಲ್ಲಿ ಯಾರೋ ಏನೋ ಅನ್ನುತ್ತಾರೆ, ನಿನ್ನ ಬೆನ್ನು ಇನ್ನೂ ಎಷ್ಟು ದಿನ ಒಬ್ಬಳದೇ ಸಂಸಾರ ಹೊತ್ತೀತು? ನಾನು ಬೇಡ ಎಂದು ಹೇಳಲು ನನಗೆ ಬಾಯಿ ಬರುತ್ತಿಲ್ಲ. ಮುಂದಿನ ತಿಂಗಳು ಒಮ್ಮೆ ಬಂದು ನಾಲ್ಕು ದಿನ ಇದ್ದು, ನೀನೇ ಕಣ್ಣಾರೆ ನೋಡಿ ತೀರ್ಮಾನ ಮಾಡು. ನಡೆದದ್ದನ್ನು ಮುಚ್ಚಿಡದೆ ಬರೆದಿದ್ದೇನೆ, ಇಷ್ಟರ ಮೇಲೆ ನಿನ್ನ ವಿವೇಕ.

ಬೆನ್ನಿಗೆ ಬಿಸಿನೀರಿನ ಚೀಲ ಇಟ್ಟುಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ಪಟಪಟಿಯ ಎರಡು ಕೆನ್ನೆಗೂ ಒಂದೊಂದು ಮುತ್ತು, ಬಿದ್ದ ಹಲ್ಲಿನ ಜಾಗಕ್ಕೆ ಇನ್ನೊಂದು. ನೀವಿಬ್ಬರೂ ನೂರು ಕಾಲ ಸುಖವಾಗಿರಿ, ನನ್ನ ಪಾಲಿನ ದಿನಗಳೂ ನಿಮಗೇ ಸೇರಲಿ.

ನಿನ್ನ
ಅಪ್ಪ

ಮರೆತದ್ದು: ಲಕೋಟೆಗೆ ಅಂಟು ಹಚ್ಚುವ ಮುಂಚೆ ಒಮ್ಮೆ ಓದಿದೆ. ನನ್ನ ಅಕ್ಷರ ಕಂಡು ನನಗೇ ವಾಕರಿಕೆ ಬಂತು. ಬೇಗ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮತ್ತೆ ಮನಸ್ಸು ಬದಲಾಗುತ್ತದೆ. ಒಂದು ಸಲ ಎಂದು ಬರೆದದ್ದು ಸುಳ್ಳು. ಒಂಬತ್ತು ಸಲ ಊದಿದ್ದೇನೆ. ಏಳನೆಯ ವಾರದಿಂದಲೇ. ಅವನು ಕೇಳುವುದನ್ನೂ ಬಿಟ್ಟಿದ್ದ, ಕೊಳವೆ ಚಾಚುತ್ತಿದ್ದ, ನಾನು ಊದುತ್ತಿದ್ದೆ. ನೀನು ಬರಬೇಡ. ನಾಲ್ಕು ದಿನಕ್ಕೂ ಬೇಡ. ಫಾರಂನ ಆ ಸಾಲನ್ನು ಹೊಡೆದುಹಾಕಿ ಒಂಬತ್ತೂ ತಾರೀಖು ಬರೆದಿದ್ದೇನೆ, ನಾಳೆ ಬೆಳಗ್ಗೆ ಬಸ್ಸಿನಲ್ಲಿ ಹೋಗಿ ಮೇಡಂ ಕೈಗೇ ಕೊಡುತ್ತೇನೆ. ಅವನಿಗೆ ಜೈಲು, ನನಗೆ ಏನು ಮಾಡುತ್ತಾರೋ ಮಾಡಲಿ. ಇನ್ನೊಂದು. ಹೋದ ರಜೆಯಲ್ಲಿ ಪಟಪಟಿಯನ್ನು ಒಂದು ವಾರ ಇಲ್ಲಿಗೆ ಕಳಿಸಿದ್ದೆಯಲ್ಲ. ಅವಳನ್ನು ವಾಪಸು ರೈಲಿಗೆ ಬಿಡಲು ಹೋದ ದಿನವೂ ನಾನೇ ಊದಿದ್ದೆ. ಹಿಂದಿನ ಸೀಟಿನಲ್ಲಿ ಅವಳಿದ್ದಳು. "ತಾತಾ, ಅಪ್ಪ ಅಲ್ವಾ ಊದಬೇಕು?" ಎಂದು ಕೇಳಿದಳು. ಅಮ್ಮನಿಗೆ ಹೇಳಬಾರದು, ಹೇಳಿದರೆ ಅಪ್ಪನನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಹೆದರಿಸಿ ಆಣೆ ಹಾಕಿಸಿಕೊಂಡೆ. ಎರಡು ತಿಂಗಳಾಯಿತು, ನಿನ್ನ ಕಾಗದದಲ್ಲಿ ಆ ಸುದ್ದಿಯೇ ಇಲ್ಲ. ಎಂದರೆ ಅವಳು ಹೇಳಿಲ್ಲ, ಆರು ವರ್ಷದ ಮಗು ಅದನ್ನು ಒಬ್ಬಳೇ ಇಟ್ಟುಕೊಂಡಿದೆ. ಇವತ್ತೇ ಅವಳನ್ನು ಮಡಿಲಲ್ಲಿ ಕೂರಿಸಿಕೊಂಡು, ತಾತ ಹೇಳಬಹುದು ಅಂದಿದ್ದಾರೆ ಎಂದು ಹೇಳು.